ಬಿಳಿ ಬುಟ್ಟಿ, ಕೆಂಪು ಬುಟ್ಟಿ

ನಮ್ಮತ್ತೆಗೆ ಕಿವಿ ಹೋಗಿದೆ ಎಂದು ಇಡೀ ಕಾರ್ಖಾನೆಯಲ್ಲಿ ಮೊದಲು ಕಂಡುಹಿಡಿದವಳು ನಾನು. ಸುಳ್ಳು ಯಾಕೆ ಹೇಳಲಿ, ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು.

ನಮ್ಮದು ಪಿಂಗಾಣಿ ಕಾರ್ಖಾನೆ. ತಟ್ಟೆ ಬಟ್ಟಲು ಮಾಡುವುದಲ್ಲ. ಕರೆಂಟ್ ಕಂಬದ ತುದಿಯಲ್ಲಿ ತಂತಿ ಹೊತ್ತುಕೊಂಡು ಕೂತಿರುತ್ತದಲ್ಲ, ಹೊರಗೆ ಕಂದು ಬಣ್ಣ, ಒಳಗೆ ಹಾಲಿನಂಥ ಬಿಳಿ, ಅದನ್ನು ಮಾಡುವುದು. ನಾವು ಅದಕ್ಕೆ ಪೀಸು ಎನ್ನುತ್ತೇವೆ. ಸುಡುವ ಭಟ್ಟಿಯಿಂದ ಒಂದು ಲೋಡಿಗೆ ಸಾವಿರ ಪೀಸು ಇಳಿಯುತ್ತದೆ. ಅದರಲ್ಲಿ ಕೆಲವು ಒಳಗೊಳಗೇ ಬಿರುಕು ಬಿಟ್ಟಿರುತ್ತವೆ. ಕಣ್ಣಿಗೆ ಕಾಣುವುದಿಲ್ಲ, ಕಿವಿಗೆ ಮಾತ್ರ ಕೇಳುತ್ತದೆ. ಅದಕ್ಕೇ ಅತ್ತೆ ಶೆಡ್ಡಿನ ಕೊನೆಯಲ್ಲಿ ಒಂದು ಸ್ಟೂಲು ಹಾಕಿಕೊಂಡು ಕೂರುತ್ತಾರೆ. ಪೀಸನ್ನು ಎಡಗೈಯಲ್ಲಿ ಎತ್ತಿ ಮರದ ಕಡ್ಡಿಯಿಂದ ಒಂದು ಸಲ ಬಡಿಯುತ್ತಾರೆ. ಟಿಣ್ಣೆಂದರೆ ಬಲಕ್ಕೆ, ಟಕ್ಕೆಂದರೆ ಎಡಕ್ಕೆ. ಬಲಕ್ಕೆ ಹೋದದ್ದು ಲಾರಿ ಹತ್ತಿ ಕಂಬ ಸೇರುತ್ತದೆ. ಎಡಕ್ಕೆ ಹೋದದ್ದು ತಳ್ಳುಗಾಡಿಯಲ್ಲಿ ನನ್ನ ಕೋಣೆಗೆ ಬರುತ್ತದೆ.

ನನ್ನ ಕೆಲಸ ಒಡೆಯುವುದು. ಸುತ್ತಿಗೆಯಿಂದ ಪೀಸನ್ನು ಎರಡು ಹೋಳು ಮಾಡಿ ಕೆಂಪು ಬಣ್ಣದ ನೀರಿಗೆ ಅದ್ದಿ ತೆಗೆದು ಒರೆಸುತ್ತೇನೆ. ಬಿರುಕಿದ್ದರೆ ಬಣ್ಣ ಅದರೊಳಗೆ ಇಳಿದು ಕೆಂಪು ಗೆರೆ ಮೂಡುತ್ತದೆ. ಇಲ್ಲದಿದ್ದರೆ ಬೆಳ್ಳಗೇ ಇರುತ್ತದೆ. ಕೆಂಪು ಗೆರೆಯದು ಕೆಂಪು ಬುಟ್ಟಿಗೆ, ಹಿಂದಿನ ಗುಂಡಿಗೆ ಸುರಿಯಲು. ಬೆಳ್ಳಗಿದ್ದದ್ದು ಬಿಳಿ ಬುಟ್ಟಿಗೆ, ಅರೆದು ಮತ್ತೆ ಮಣ್ಣಿಗೆ ಸೇರಿಸಲು. ಬಿಳಿ ಬುಟ್ಟಿಗೆ ಬಿದ್ದದ್ದೆಂದರೆ ಅತ್ತೆಯ ತಪ್ಪು, ಒಳ್ಳೆಯ ಪೀಸನ್ನು ಸುಮ್ಮನೆ ಎಡಕ್ಕೆ ಹಾಕಿದ್ದು. ಆ ಬುಟ್ಟಿಗೆ ಒಂದೊಂದು ಹೋಳು ಎಸೆಯುವಾಗಲೂ ನನಗೆ ಎಷ್ಟು ಖುಷಿ ಎಂದು ದೇವರೇ ಬಲ್ಲ.

ಕಾರಣವಿದೆ. ಅತ್ತೆಯನ್ನು ಎಲ್ಲರೂ ಕಿವಿಯಮ್ಮ ಎನ್ನುತ್ತಾರೆ. ಆ ಹೆಸರು ಅವರ ತಲೆಗೇರಿಬಿಟ್ಟಿದೆ. ಅಂಗಡಿಯಲ್ಲಿ ಮಡಕೆ ಕೊಂಡರೆ ಬಡಿಯುತ್ತಾರೆ, ಹೊಸ ಬಾಡಿಗೆ ಮನೆಗೆ ಹೋದರೆ ಗೋಡೆ ಬಡಿಯುತ್ತಾರೆ, ಮನುಷ್ಯರನ್ನೂ ಹಾಗೇ ಅಳೆಯುತ್ತಾರೆ. ಅವರ ಮಗ ನನ್ನನ್ನು ಮೊದಲ ಸಲ ಮನೆಗೆ ಕರೆದುಕೊಂಡು ಹೋದಾಗ ನಾನು ಹೊಸ್ತಿಲಲ್ಲಿ ನಿಂತು, ‘ನಮಸ್ಕಾರ, ಚೆನ್ನಾಗಿದೀರಾ?’ ಎಂದೆ, ಅಷ್ಟೇ. ಈ ಹೆಂಗಸು ತಲೆ ಓರೆ ಮಾಡಿ ಕೇಳಿಸಿಕೊಂಡು, ನನ್ನ ಮುಖ ಸಹ ನೋಡದೆ ಮಗನಿಗೆ ಹೇಳಿದರು: “ಈ ಹುಡುಗಿ ದನಿಲೇ ಬಿರುಕಿದೆ ಕಣೋ. ಬೇಡ.”

ಅವನು ಕೇಳಲಿಲ್ಲ, ನನ್ನನ್ನೇ ಕಟ್ಟಿಕೊಂಡ. ಅಂದಿನಿಂದ ಒಂದೇ ಸೂರಿನಡಿ ನಾವಿಬ್ಬರೂ ಹಾವು ಮುಂಗುಸಿ. ನೇರವಾಗಿ ಮಾತಿಲ್ಲ. ಹೇಳಬೇಕಾದದ್ದನ್ನು ಅವನ ಮೂಲಕ ಹೇಳುತ್ತೇವೆ, ಅವನು ಇಲ್ಲದಿದ್ದರೆ ಗೋಡೆಗೆ ಹೇಳುತ್ತೇವೆ. ಅವನು ಲೈನ್‌ಮನ್. ದಿನಾ ಕಂಬ ಹತ್ತುವವನು. ಅವನ ಅಮ್ಮ ಬಲಕ್ಕೆ ಹಾಕಿದ ಪೀಸೇ ಅವನ ತಲೆಯ ಹತ್ತಿರ ತಂತಿ ಹಿಡಿದಿರುತ್ತದೆ. ಅದಕ್ಕೇ ಅತ್ತೆಯದು ಒಂದೇ ಮಂತ್ರ: “ಅನುಮಾನ ಬಂತಾ, ಎಡಕ್ಕೆ ಹಾಕು.”

ಹೀಗಿರುವಾಗ ಹೊಸ ಭಟ್ಟಿ ಬಂತು. ತಂದವನು ನಮ್ಮ ಮ್ಯಾನೇಜರ್. ಅವನಿಗೆ ನಾವಿಟ್ಟ ಹೆಸರು ಶೇಕಡಾ. ಯಾಕೆಂದರೆ ಬಾಯಿ ತೆರೆದರೆ ಶೇಕಡಾ ಇಷ್ಟು, ಶೇಕಡಾ ಅಷ್ಟು. ಹಳೇ ಭಟ್ಟಿಯಲ್ಲಿ ಸಾವಿರಕ್ಕೆ ಇನ್ನೂರು ಪೀಸು ಬಿರುಕು ಬಿಡುತ್ತಿತ್ತು. ಹೊಸದರಲ್ಲಿ ಸಾವಿರಕ್ಕೆ ಹತ್ತೇ. ಅದು ಅವನ ಬಾಯಿಮಾತಲ್ಲ, ಭಟ್ಟಿ ಕೊಳ್ಳುವ ಮೊದಲು ಅದರಲ್ಲಿ ಸುಟ್ಟ ಒಂದು ಇಡೀ ಲೋಡನ್ನು ತರಿಸಿ ಒಡೆಸಿ ನೋಡಿದ್ದ. ಒಡೆದವಳೂ ನಾನೇ, ತೋಳು ಬಿದ್ದುಹೋಗಿತ್ತು. “ಶೇಕಡಾ ಒಂದು! ಶೇಕಡಾ ಒಂದು!” ಎಂದು ಅವನು ಶೆಡ್ಡಿನ ತುಂಬ ಕುಣಿದಾಡಿದ. ಅತ್ತೆ ಎಲ್ಲರ ಮುಂದೆ, “ಯಾವ ಭಟ್ಟಿ ಬಂದ್ರೂ ನನ್ನ ಕಡ್ಡಿ ಕೆಳಗೆ ಬರ್ಲೇಬೇಕು. ಜಂಭ ಕಮ್ಮಿ ಮಾಡ್ಕೋ,” ಎಂದರು. ಆ ಮಾತನ್ನು ಅವನು ನುಂಗಿಕೊಂಡ, ಆದರೆ ಮರೆಯಲಿಲ್ಲ.

ಹೊಸ ಭಟ್ಟಿಯ ಮೊದಲ ಲೋಡು ಇಳಿಯಿತು. ಅತ್ತೆ ಬಡಿದು ಎಡಕ್ಕೆ ಹಾಕಿದ್ದು ಅರವತ್ತು ಪೀಸು. ನನ್ನ ಕೋಣೆಗೆ ಬಂತು. ಒಡೆದೆ, ಅದ್ದಿದೆ, ಒರೆಸಿದೆ. ಕೆಂಪು ಗೆರೆ ಹತ್ತರಲ್ಲಿ ಮಾತ್ರ! ಮಿಕ್ಕ ಐವತ್ತೂ ಬೆಳ್ಳಗೆ ಬೆಳದಿಂಗಳು. ಹಳೇ ಭಟ್ಟಿಯ ಕಾಲದಲ್ಲಿ ಎಡಕ್ಕೆ ಬೀಳುತ್ತಿದ್ದದ್ದು ಇನ್ನೂರ ನಲವತ್ತು, ಅದರಲ್ಲಿ ಇನ್ನೂರು ಕೆಂಪು, ನಲವತ್ತು ಬಿಳಿ. ಆರಕ್ಕೆ ಐದು ಸರಿ ಹೇಳುತ್ತಿದ್ದ ಹೆಂಗಸು ಈಗ ಆರಕ್ಕೆ ಐದು ತಪ್ಪು ಹೇಳುತ್ತಿದ್ದಾರೆ. ಮುಗೀತು, ಕಿವಿ ಹೋಯಿತು ಎಂದುಕೊಂಡೆ. ಮುಂದಿನ ಲೋಡೂ ಹಾಗೇ, ಅದರ ಮುಂದಿನದೂ ಹಾಗೇ. ಶೇಕಡಾ ಕೇಳುವ ಮೊದಲೇ ನಾನೇ ಅವನ ಕೋಣೆಗೆ ಹೋಗಿ ಹೇಳಿದೆ. ಅವನ ಮುಖ ಊರಗಲ ಅರಳಿತು.

ಮರುದಿನ ಅವನು ಅತ್ತೆಯ ಸ್ಟೂಲಿನ ಹತ್ತಿರ ಬಂದು, ಬೆಣ್ಣೆಯಲ್ಲಿ ಅದ್ದಿದ ನಾಲಿಗೆಯಲ್ಲಿ ಶುರು ಮಾಡಿದ. “ಅಮ್ಮಾ, ವಯಸ್ಸಾಯ್ತು. ಕಿವಿ ಮಂದ ಆಗೋದು ಸಹಜ. ಮರ್ಯಾದೆಯಾಗಿ ಕಳಿಸಿಕೊಡ್ತೀವಿ, ಮನೇಲಿ ಆರಾಮಾಗಿರಿ.”

“ಯಾರ ಕಿವಿ ಮಂದ?” ಅತ್ತೆ ಕಡ್ಡಿ ಕೆಳಗಿಟ್ಟರು. “ನೀನು ಈಗ ಆ ಕಡೆ ತಿರುಗಿ ಪಿಸುಗುಟ್ಟು, ಏನಂದೆ ಅಂತ ಹೇಳ್ತೀನಿ.”

“ಆರಕ್ಕೆ ಐದು ತಪ್ಪು ಬರ್ತಿದೆ.”

“ಪರೀಕ್ಷೆ ಇಡು. ನಿನಗೆ ಹೇಗೆ ಬೇಕೋ ಹಾಗೆ ಇಡು. ತಪ್ಪಿದ್ರೆ ನಾನೇ ಎದ್ದು ಹೋಗ್ತೀನಿ, ನಿನ್ನ ಮರ್ಯಾದೆ ನೀನೇ ಇಟ್ಕೋ.”

ಶೇಕಡಾ ಇಟ್ಟ. ಐವತ್ತು ಪೀಸನ್ನು ಕಾಯಿಸಿ ತಣ್ಣೀರಿಗೆ ಅದ್ದಿ ಬೇಕೆಂದೇ ಬಿರುಕು ಬಿಡಿಸಿದ. ಐವತ್ತು ಒಳ್ಳೆಯದನ್ನು ಸೇರಿಸಿ ಕಲಸಿಟ್ಟ. ಇಡೀ ಶೆಡ್ಡು ಸುತ್ತ ನಿಂತಿತ್ತು. ಅತ್ತೆ ಕಣ್ಣು ಮುಚ್ಚಿಕೊಂಡು ಬಡಿದರು. ಆಮೇಲೆ ನಾನು ನೂರನ್ನೂ ಒಡೆದು ಅದ್ದಿದೆ. ಬಿರುಕಿನ ಐವತ್ತನ್ನೂ ಹಿಡಿದಿದ್ದರು, ಒಂದೂ ತಪ್ಪಿಸಿಕೊಂಡಿರಲಿಲ್ಲ. ಒಳ್ಳೆಯ ಐವತ್ತರಲ್ಲಿ ಮೂರನ್ನು ಮಾತ್ರ ಅನುಮಾನದಿಂದ ಎಡಕ್ಕೆ ಹಾಕಿದ್ದರು. ನೂರಕ್ಕೆ ತೊಂಬತ್ತೇಳು ಸರಿ. ಜನ ಚಪ್ಪಾಳೆ ಹೊಡೆದರು. ಅತ್ತೆ ನನ್ನತ್ತ ಒಂದು ನೋಟ ಬೀಸಿದರು, ನೋಡಿದೆಯಾ ಎನ್ನುವ ಹಾಗೆ. ನನಗೆ ಮೈ ಉರಿಯಿತು.

ಅಲ್ಲಿಗೆ ಮುಗಿಯಬೇಕಿತ್ತು. ಶೇಕಡಾನ ತಲೆಗೆ ಇನ್ನೊಂದು ಹುಳ ಹೊಕ್ಕಿತು. ಅವನು ಸೀದಾ ಯಜಮಾನಮ್ಮನ ಹತ್ತಿರ ಹೋದ. ಯಜಮಾನಮ್ಮ ಎಂದರೆ ಕಾರ್ಖಾನೆಯ ಒಡತಿ, ಹೆಚ್ಚು ಮಾತಾಡದ ಹೆಂಗಸು. ಅತ್ತೆಯನ್ನೂ ನನ್ನನ್ನೂ ಕರೆಸಿದರು.

“ಕಿವಿ ಸರಿಯಾಗಿದೆ ಮೇಡಂ,” ಎಂದ ಶೇಕಡಾ. “ನಾನು ತಪ್ಪು ತಿಳಿದಿದ್ದೆ. ಪರೀಕ್ಷೇಲಿ ನೂರಕ್ಕೆ ತೊಂಬತ್ತೇಳು ಸರಿ. ಕೆಲಸದಲ್ಲಿ ಆರಕ್ಕೆ ಐದು ತಪ್ಪು. ಒಂದೇ ಕಿವಿ! ಹಾಗಾದ್ರೆ ಏನರ್ಥ? ಕೇಳಿಸ್ತಿದೆ, ಆದ್ರೂ ಬೇಕಂತಲೇ ಒಳ್ಳೆ ಪೀಸನ್ನ ಒಡೆಯೋಕೆ ಹಾಕ್ತಿದ್ದಾರೆ. ನನ್ನ ಭಟ್ಟಿಗೆ ಕೆಟ್ಟ ಹೆಸರು ತರೋಕೆ. ಎಲ್ಲರ ಮುಂದೆ ಬೈದಿದ್ದೂ ಇದೆ.”

ಯಜಮಾನಮ್ಮ ಅತ್ತೆಯನ್ನೇ ನೋಡಿ, “ನಿಮಗೇನಾದ್ರೂ ಹೇಳೋದಿದೆಯಾ?” ಎಂದು ಕೇಳಿದರು.

“ನನಗೆ ಟಕ್ಕಂತ ಕೇಳಿದ್ದನ್ನ ನಾನು ಎಡಕ್ಕೆ ಹಾಕಿದ್ದೀನಿ.”

“ಅಷ್ಟು ಸಾಲದು,” ಎಂದರು ಯಜಮಾನಮ್ಮ. ಸೋಮವಾರದವರೆಗೆ ಸಮಯ ಕೊಟ್ಟರು. ಅಷ್ಟರಲ್ಲಿ ಸರಿಯಾದ ಉತ್ತರ ಸಿಗದಿದ್ದರೆ, ಮೋಸ ಮಾಡಿದ ಕಾರಣಕ್ಕೆ ಎಂದು ಎಲ್ಲರೆದುರು ಹೇಳಿ ಹೊರಗೆ ಹಾಕುವುದು, ಆಮೇಲೆ ಬಡಿಯುವ ಕೆಲಸವನ್ನೇ ತೆಗೆದುಬಿಡುವುದು. ಸಾವಿರಕ್ಕೆ ಹತ್ತು ತಾನೇ ಕೆಟ್ಟದ್ದು, ಹೋದರೆ ಹೋಗಲಿ ಎಂದ ಶೇಕಡಾ. ಆ ಹತ್ತು ಹೋಗುವುದು ಕಂಬಕ್ಕೆ ಎನ್ನುವುದು ಅವನ ಬಾಯಿಗೆ ಬರಲಿಲ್ಲ.

ಮನೆಯಲ್ಲಿ ಅಂದು ರಣರಂಗ. ಗಂಡ ನನ್ನ ಮೇಲೆ ಹರಿಹಾಯ್ದ.

“ಓಡಿ ಹೋಗಿ ಚಾಡಿ ಹೇಳಿದ್ದು ನೀನೇ ತಾನೆ? ತೃಪ್ತಿ ಆಯ್ತಾ?”

“ಚಾಡಿ ಅಲ್ಲ, ಎಣಿಸಿದ್ದನ್ನ ಹೇಳಿದೆ. ಐವತ್ತು ಬೆಳ್ಳಗಿದ್ರೆ ಕೆಂಪು ಬಳಿದು ತೋರಿಸ್ಲಾ?”

“ಅಮ್ಮ ಮೋಸ ಮಾಡ್ತಾಳೆ ಅಂತ ನೀನೂ ನಂಬ್ತೀಯಾ?”

ಒಲೆಯ ಮೇಲಿದ್ದ ಪಾತ್ರೆಯನ್ನು ದಡಾರನೆ ಇಳಿಸಿದೆ. ನಂಬುತ್ತಿರಲಿಲ್ಲ, ಅದೇ ನನ್ನ ಕೋಪ. ಈ ಹೆಂಗಸು ಘಟವಾಣಿ, ಬಾಯಿಬಡುಕಿ, ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿ. ಎಲ್ಲಾ ನಿಜ. ಆದರೆ ಮಗ ಹತ್ತುವ ಕಂಬದ ಪೀಸಿನ ವಿಷಯದಲ್ಲಿ ಆಟ ಆಡುವವರಲ್ಲ. ಶತ್ರುವನ್ನು ಶತ್ರು ಬಲ್ಲಷ್ಟು ಬೇರೆ ಯಾರೂ ಅರಿಯರು. ಅವರಿಗೆ ಕಿವಿ ಹೋಗಿದೆ ಎಂದು ಕಳಿಸಿದ್ದರೆ ನಾನು ಹಾಯಾಗಿ ಮಲಗುತ್ತಿದ್ದೆ. ಮೋಸಗಾತಿ ಎಂದು ತಳ್ಳಿದರೆ? ಮಾಡದ ತಪ್ಪಿಗೆ ಇವರನ್ನು ಬೀಳಿಸಿದರೆ ಮಾಡಿದ ತಪ್ಪಿಗೆ ಇವರ ಜೊತೆ ಜಗಳ ಆಡುವುದು ಯಾವಾಗ?

ಆದರೆ ಲೆಕ್ಕ? ಅದು ಮಾತ್ರ ಕೂಡಿಬರಲಿಲ್ಲ. ತೊಂಬತ್ತೇಳು ಸರಿ ಎನ್ನುವುದೂ ನಿಜ, ಒಡೆದವಳು ನಾನು. ಆರಕ್ಕೆ ಐದು ತಪ್ಪು ಎನ್ನುವುದೂ ನಿಜ, ಒಡೆದವಳು ನಾನು. ಎರಡೂ ನಿಜವಾಗುವುದು ಹೇಗೆ?

ಭಾನುವಾರ ಅತ್ತೆ ಊಟ ಬಿಟ್ಟು ಬೇಳೆ ಆರಿಸಲು ಕೂತರು. ಮನಸ್ಸು ಕೆಟ್ಟರೆ ಅವರಿಗೆ ಕೈಗೆ ಕೆಲಸ ಬೇಕು. ಮನೆಯಲ್ಲಿ ಎರಡು ಥರದ ಬೇಳೆ ಇತ್ತು. ಒಂದು ಅಂಗಡಿಯಲ್ಲಿ ಚೀಲದಿಂದ ಅಳೆದು ಕೊಟ್ಟದ್ದು, ಅರ್ಧಕ್ಕರ್ಧ ಕಲ್ಲು. ಇನ್ನೊಂದು ಪೊಟ್ಟಣದ್ದು, ಮೊದಲೇ ಶುದ್ಧ ಮಾಡಿದ್ದು. ಚೀಲದ ಬೇಳೆಯನ್ನು ಮೊರದಲ್ಲಿ ಆರಿಸಿ ಕಲ್ಲನ್ನು ಒಂದು ತಟ್ಟೆಗೆ ಹಾಕಿದರು. ಆಮೇಲೆ ಪೊಟ್ಟಣದ್ದನ್ನು ಆರಿಸಿ ಇನ್ನೊಂದು ತಟ್ಟೆಗೆ. ನಾನು ದಾಟಿಕೊಂಡು ಹೋಗುವಾಗ ಎರಡನೇ ತಟ್ಟೆ ಕಣ್ಣಿಗೆ ಬಿತ್ತು. ಎರಡೋ ಮೂರೋ ಕಲ್ಲು, ಮಿಕ್ಕಿದ್ದೆಲ್ಲ ಒಳ್ಳೇ ಬೇಳೆ! ಸಿಕ್ಕಿತು ಅವಕಾಶ ಎಂದು ಗಂಡನ ಕಡೆ ತಿರುಗಿದೆ.

“ನೋಡಿ ನಿಮ್ಮಮ್ಮನ ಕೆಲಸ. ಕಲ್ಲು ಆರಿಸೋ ಬದಲು ಬೇಳೆ ಆರಿಸಿ ಬಿಸಾಕ್ತಿದ್ದಾರೆ. ಕಿವಿ ಇದೆ, ಈಗ ಕಣ್ಣು ಹೋಯ್ತು.”

ಅತ್ತೆ ಮೊರವನ್ನು ನೆಲಕ್ಕೆ ಕುಕ್ಕಿದರು. ಮೊದಲ ಸಲ ನೇರವಾಗಿ ನನ್ನ ಮುಖಕ್ಕೇ ಹೇಳಿದರು: “ಪೊಟ್ಟಣದ ಬೇಳೇಲಿ ಕಲ್ಲೇ ಇಲ್ಲ. ಇಲ್ಲದ ಕಲ್ಲನ್ನ ಎಲ್ಲಿಂದ ತರ್ಲಿ? ನಿಮ್ಮಪ್ಪನ ಮನೆಯಿಂದ ತರ್ಲಾ?”

ತಿರುಗಿಸಿ ಹೇಳಲು ಬಾಯಿ ತೆರೆದೆ. ನನ್ನಪ್ಪನ ಮನೆಯ ಸುದ್ದಿ ಎತ್ತಿದವರನ್ನು ನಾನು ಸುಮ್ಮನೆ ಬಿಟ್ಟವಳೇ ಅಲ್ಲ. ಆದರೆ ‘ಇಲ್ಲದ ಕಲ್ಲು’ ಎಂದದ್ದು ತಲೆಗೆ ಹತ್ತಿತು. ಹಾಗೇ ಕುಕ್ಕರುಗಾಲಲ್ಲಿ ಕೂತು ಮೊದಲನೇ ತಟ್ಟೆಯನ್ನು ಬೆರಳಲ್ಲಿ ಕೆದಕಿದೆ. ಕಲ್ಲಿನ ರಾಶಿಯ ಮಧ್ಯೆ ಅಲ್ಲಲ್ಲಿ ಬೇಳೆ ಇತ್ತು. ಆರಿಸಿ ಬೇರೆ ಮಾಡಿದೆ. ಎರಡನೇ ತಟ್ಟೆಯಲ್ಲಿ ಇದ್ದಷ್ಟೇ ಬೇಳೆ, ಒಂದು ಚಿಟಿಕೆ ಹೆಚ್ಚು ಕಡಿಮೆ. ಎರಡು ಸಲವೂ ಕೈ ಜಾರಿದ್ದು ಒಂದೇ ಅಳತೆಯಲ್ಲಿ. ಮೊದಲನೇ ತಟ್ಟೆಯಲ್ಲಿ ಆ ಬೇಳೆ ಕಲ್ಲಿನ ಅಡಿಯಲ್ಲಿ ಮುಚ್ಚಿಹೋಗಿತ್ತು. ಎರಡನೆಯದರಲ್ಲಿ ಮುಚ್ಚಲು ಕಲ್ಲೇ ಇರಲಿಲ್ಲ.

“ಏನಾಯ್ತೇ ನಿಂಗೆ?” ಎಂದ ಗಂಡ.

ನನ್ನ ಕಣ್ಣ ಮುಂದೆ ಇದ್ದದ್ದು ನನ್ನ ಕೋಣೆಯ ಬಿಳಿ ಬುಟ್ಟಿ. ಹಳೇ ಭಟ್ಟಿಯ ಕಾಲದಲ್ಲಿ ಒಂದು ಲೋಡಿಗೆ ಆ ಬುಟ್ಟಿ ಅಂಚಿನವರೆಗೆ ತುಂಬುತ್ತಿತ್ತು. ಹೊಸ ಭಟ್ಟಿ ಬಂದ ಮೇಲೆ? ಅಂಚಿನ ಮೇಲೆ ಒಂದಿಷ್ಟು ಹೋಳು ಗೋಪುರವಾಗುತ್ತದೆ, ಅಷ್ಟೇ. ಬರಿದಾದದ್ದು ಕೆಂಪು ಬುಟ್ಟಿ! ಐದು ಬುಟ್ಟಿ ಸುರಿಯುತ್ತಿದ್ದವಳು ಈಗ ಕಾಲು ಬುಟ್ಟಿ ಸುರಿದರೆ ಹೆಚ್ಚು. ದಿನಾ ಇದೇ ಕೈಯಲ್ಲಿ ಎತ್ತಿ ಎತ್ತಿ ಹಾಕುವವಳಿಗೆ ಅದು ಹೊಳೆಯಲಿಲ್ಲ. ಕಾರ್ಖಾನೆಯಲ್ಲಿ ಎಲ್ಲರೂ ಎಡಕ್ಕೆ ಬಿದ್ದ ರಾಶಿಯನ್ನೇ ನೋಡಿದರು, ಅದರಲ್ಲಿ ಎಷ್ಟು ಪಾಲು ಬಿಳಿ ಎಂದು ಎಣಿಸಿದರು. ಬಲಕ್ಕೆ ಹೋದ ಒಂಬೈನೂರ ನಲವತ್ತನ್ನು ಯಾರೂ ಲೆಕ್ಕಕ್ಕೇ ಹಿಡಿಯಲಿಲ್ಲ. ಅತ್ತೆಯ ಕಿವಿ ಅದೇ ಕಿವಿ. ಬದಲಾದದ್ದು ಭಟ್ಟಿ.

ಸಂತೋಷವಾಯಿತೆಂದು ತಿಳಿಯಬೇಡಿ. ಕೆಟ್ಟ ಕೋಪ ಬಂತು. ಪ್ರಪಂಚದಲ್ಲಿ ಇಷ್ಟು ಜನರಿದ್ದಾರೆ, ಈ ಹೆಂಗಸನ್ನು ಸರಿ ಎಂದು ಸಾಧಿಸುವ ಹಣೆಬರಹ ನನಗೇ ಬರಬೇಕಿತ್ತೇ? ಒಂದು ಕ್ಷಣ, ಬಾಯಿ ಮುಚ್ಚಿಕೊಂಡು ಇದ್ದುಬಿಡೋಣ ಎನ್ನಿಸಿದ್ದೂ ಉಂಟು. ಅಷ್ಟರಲ್ಲಿ ಗಂಡ ಗೋಡೆಗೆ ಒರಗಿಕೊಂಡು ತನ್ನ ಸೊಂಟದ ಬೆಲ್ಟಿನ ಕೊಂಡಿ ಸರಿಮಾಡತೊಡಗಿದ, ಮರುದಿನ ಕಂಬ ಹತ್ತಲು. ಅದನ್ನು ನೋಡಿ ಆ ಯೋಚನೆ ಬಿಟ್ಟೆ.

ಸೋಮವಾರ ಬೆಳಿಗ್ಗೆ ಎಲ್ಲರೂ ಶೆಡ್ಡಿನಲ್ಲಿ ಸೇರಿದ್ದರು. ಅತ್ತೆ ಸ್ಟೂಲಿನ ಮೇಲೆ ನೆಟ್ಟಗೆ ಕೂತಿದ್ದರು, ಕಡ್ಡಿ ಮಡಿಲಲ್ಲಿತ್ತು. ಶೇಕಡಾ ಕೆಮ್ಮಿ ಗಂಟಲು ಸರಿಮಾಡಿಕೊಂಡ. ನಾನು ಬಿಳಿ ಬುಟ್ಟಿಯನ್ನು ಎಳೆದು ತಂದು ಅವನ ಕಾಲ ಬುಡದಲ್ಲಿ ಇಟ್ಟೆ.

“ಸ್ವಲ್ಪ ನಿಲ್ಲಿ ಸಾರ್. ನನಗೊಂದು ಲೆಕ್ಕ ಹೇಳಿ. ನಿಮ್ಮ ಭಟ್ಟಿ ಸಾವಿರಕ್ಕೆ ಎಷ್ಟು ಕೆಟ್ಟದ್ದು ಕೊಡತ್ತೆ?”

“ಹತ್ತು. ಶೇಕಡಾ ಒಂದು,” ಎಂದ, ಎದೆಯುಬ್ಬಿಸಿ.

“ನಮ್ಮತ್ತೆ ಎಷ್ಟು ಹಿಡಿದ್ರು?”

“ಹತ್ತು.”

“ಹಾಗಾದ್ರೆ ಹನ್ನೊಂದನೇದು ಎಲ್ಲಿಂದ ತರಬೇಕಿತ್ತು? ನಿಮ್ಮಪ್ಪನ ಮನೆಯಿಂದಾನಾ?”

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅತ್ತೆ ಸರ್ರನೆ ನನ್ನ ಕಡೆ ತಿರುಗಿದರು, ತಮ್ಮ ಮಾತನ್ನು ಕದ್ದೆ ಎನ್ನುವ ಹಾಗೆ.

ಶೇಕಡಾನ ಕಿವಿ ಕೆಂಪಾಯಿತು. “ಹತ್ತು ಹಿಡಿದಿದ್ದು ಸರಿಯಮ್ಮ. ಅದರ ಜೊತೆ ಐವತ್ತು ಒಳ್ಳೇದು ಯಾಕೆ ಬಂತು? ಅದನ್ನ ಹೇಳು. ಪರೀಕ್ಷೇಲಿ ಮೂರು ತಪ್ಪು, ಇಲ್ಲಿ ಐವತ್ತು ತಪ್ಪು!”

“ಪರೀಕ್ಷೇಲಿ ಒಳ್ಳೆ ಪೀಸು ಎಷ್ಟಿತ್ತು?”

“ಐವತ್ತು.”

“ಐವತ್ತು ಒಳ್ಳೇದನ್ನ ಬಡಿದಾಗ ಮೂರು ಜಾರಿತು. ನಿಮ್ಮ ಲೋಡಲ್ಲಿ ಒಳ್ಳೇದು ಎಷ್ಟಿದೆ?”

“ಒಂಬೈನೂರ ತೊಂಬತ್ತು...” ಅವನ ದನಿ ತಗ್ಗಿತು.

“ಸಾವಿರ ಅಂತಲೇ ಇಟ್ಕೊಳ್ಳಿ. ಐವತ್ತಕ್ಕೆ ಮೂರಾದ್ರೆ ಸಾವಿರಕ್ಕೆ ಎಷ್ಟು? ನಾನು ಓದಿದವಳಲ್ಲ, ನೀವೇ ಹೇಳಿ.”

ಹೇಳಿದ್ದು ಯಜಮಾನಮ್ಮ: “ಅರವತ್ತು.”

“ಅರವತ್ತು ತಪ್ಪಬೇಕಾದವರು ಐವತ್ತೇ ತಪ್ಪಿದ್ದಾರೆ. ಪರೀಕ್ಷೆಗಿಂತ ಕೆಲಸದಲ್ಲೇ ಚೆನ್ನಾಗಿ ಕೇಳಿಸ್ಕೊಂಡಿದ್ದಾರೆ! ಹಳೇ ಭಟ್ಟಿ ಇದ್ದಾಗ ಒಳ್ಳೇದು ಎಂಟುನೂರು ಇರ್ತಿತ್ತು, ನಲವತ್ತು ಜಾರ್ತಿತ್ತು. ಆಗಲೂ ಈ ಬುಟ್ಟಿ ತುಂಬ್ತಿತ್ತು ಸಾರ್. ಇನ್ನೂರು ಕೆಂಪಿನ ಪಕ್ಕ ನಲವತ್ತು ಬಿಳಿ ಯಾರ ಕಣ್ಣಿಗೆ ಬೀಳತ್ತೆ? ಆಗ ಇವರನ್ನ ಹೊತ್ತು ಮೆರೆಸಿದ್ರಿ. ಈಗ ಹತ್ತು ಕೆಂಪಿನ ಪಕ್ಕ ಐವತ್ತು ಬಿಳಿ ಕಾಣ್ತಿದೆ, ಕಳ್ಳಿ ಅಂತಿದ್ದೀರಿ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕೋದು ಕೇಳಿದ್ದೆ. ನೀವು ಎತ್ತಿನ ಜ್ವರ ಬಿಟ್ಟಿದ್ದಕ್ಕೆ ಎಮ್ಮೆಗೆ ಬರೆ ಹಾಕ್ತಿದ್ದೀರಿ!”

ಶೇಕಡಾ ನೆಲಕ್ಕೆ ಕೂತು ಸೀಮೆಸುಣ್ಣದಲ್ಲಿ ಗೀಚತೊಡಗಿದ. ಸಾವಿರ ಬರೆದ, ಇನ್ನೂರು ಕಳೆದ, ಅಳಿಸಿದ, ಹತ್ತು ಕಳೆದ. ತುಟಿ ಅಲ್ಲಾಡುತ್ತಿತ್ತು. ಎರಡು ಸಲ ತಲೆ ಕೊಡವಿ, ‘ಇಲ್ಲ, ಇಲ್ಲ, ಹಾಗಾಗಲ್ಲ’ ಎಂದುಕೊಂಡ. ಮೂರನೇ ಸಲ ತಲೆ ಕೊಡವಲಿಲ್ಲ. ಎದ್ದು ಕೈ ಒರೆಸಿಕೊಂಡ. ಅವನಿಗೆ ಅರ್ಥವಾಗಿತ್ತು, ಅರ್ಥವಾದದ್ದಕ್ಕೆ ನನ್ನನ್ನು ಕೊಂದುಬಿಡುವ ಹಾಗೆ ನೋಡಿದ.

“ನೀನು ಭಟ್ಟಿನ ಹೊಗಳಿದ್ದು ನಿಜ ಆದ್ರೆ, ಇವರನ್ನ ಬೈದಿದ್ದು ಸುಳ್ಳು,” ಎಂದರು ಯಜಮಾನಮ್ಮ ಅವನಿಗೆ. “ಎರಡೂ ನಿಂಗೇ ಬೇಕು ಅಂದ್ರೆ ಹೇಗೆ?”

“ಆಯ್ತು ಮೇಡಂ, ಮೋಸ ಅಲ್ಲ. ಆದ್ರೂ ಐವತ್ತು ಒಳ್ಳೆ ಪೀಸು ಪುಡಿಯಾಗ್ತಿರೋದಂತೂ ನಿಜ ತಾನೆ?”

ಆ ಮಾತು ಮಾತ್ರ ಸರಿಯಾಗಿತ್ತು. ದರಿದ್ರದವನು ಒಂದಾದರೂ ಸರಿ ಹೇಳಿದ. ನಾನೇ ಹೇಳಿದೆ: “ಎಡಕ್ಕೆ ಬಿದ್ದ ಅರವತ್ತನ್ನ ನನಗೆ ಕಳಿಸೋ ಮೊದಲು ಇನ್ನೊಂದು ಸಲ ಬಡೀಲಿ. ಮಣ್ಣು ಅರೆಯೋ ಯಂತ್ರದ ಗಲಾಟೆ ನಿಂತಿರೋ ಹೊತ್ತಲ್ಲಿ, ನಿಧಾನವಾಗಿ. ಅನುಮಾನದ ಮೇಲೆ ಹಾಕಿದ್ದರಲ್ಲಿ ಮುಕ್ಕಾಲು ವಾಪಸ್ ಬರತ್ತೆ.”

ಅತ್ತೆ ಸ್ಟೂಲಿನಿಂದ ಎದ್ದುಬಿಟ್ಟರು. ಇಷ್ಟು ಹೊತ್ತು ತಮ್ಮ ಮಾನ ಉಳಿಸಿದವಳ ಮೇಲೇ ಬಿದ್ದರು.

“ಎರಡನೇ ಸಲ? ನಾನು ಒಂದು ಸಲ ಹೇಳಿದ ಮೇಲೆ ಮುಗೀತು. ನನ್ನ ಮಾತನ್ನ ನಾನೇ ತಿರುಗಿಸಿ ನೋಡ್ಲಾ? ಇವಳ ಮಾತು ಕೇಳ್ಕೊಂಡು?”

“ಅದೇ ರೋಗ ನಿಮಗೆ!” ಎಂದೆ. ಗೋಡೆಗಲ್ಲ, ಗಂಡನಿಗಲ್ಲ, ಅವರಿಗೇ. “ಕೇಳೋದು ಚೆನ್ನಾಗೇ ಕೇಳತ್ತೆ. ಇಪ್ಪತ್ತು ಸಲ ಹೇಳಿದ್ರೆ ಹತ್ತೊಂಬತ್ತು ಸಲ ಸರಿ. ಆ ಇಪ್ಪತ್ತನೇದು ಅಂತ ಒಂದಿದೆ, ಅದನ್ನ ಒಪ್ಪೋಕೆ ಮಾತ್ರ ನಿಮಗೆ ಆಗಲ್ಲ.”

“ಬಾಯಿ ಮುಚ್ಚು.”

“ನೀವು ಕಡ್ಡಿ ಎತ್ತಿ, ಮುಚ್ತೀನಿ.”

“ಎರಡು ಸಲ ಬಡಿಯೋದಾದ್ರೆ ಕೆಲಸ ನಿಮ್ಮದೇ,” ಎಂದರು ಯಜಮಾನಮ್ಮ, “ಇಲ್ಲ ಅಂದ್ರೆ ನನ್ನ ಕೈಲಿ ಏನೂ ಆಗಲ್ಲ.” ಅತ್ತೆ ಕಡ್ಡಿ ಎತ್ತಿಕೊಂಡು ಕೂತರು.

ಮಧ್ಯಾಹ್ನ ಊಟದ ಬಿಡುವಿನಲ್ಲಿ ಯಂತ್ರ ನಿಂತಾಗ ಆ ದಿನದ ಅರವತ್ತನ್ನು ಮತ್ತೆ ಅವರ ಮುಂದಿಟ್ಟರು. ನಾನು ಬಾಗಿಲಲ್ಲಿ ನಿಂತು ನೋಡಿದೆ. ಮೊದಲ ಪೀಸನ್ನು ಬಡಿದರು. ಟಿಣ್ಣೆಂದಿತು, ನನಗೂ ಕೇಳಿಸಿತು. ಬೆಳಿಗ್ಗೆ ತಾವೇ ಎಡಕ್ಕೆ ಹಾಕಿದ್ದನ್ನು ಬಲಕ್ಕೆ ಇಡಲು ಆ ಕೈಗೆ ಎಷ್ಟು ಕಷ್ಟವಾಯಿತೆಂದರೆ, ಪೀಸು ಹೊತ್ತ ಕೈ ಗಾಳಿಯಲ್ಲೇ ನಿಂತುಬಿಟ್ಟಿತು. ಕೊನೆಗೆ ಇಟ್ಟರು. ಎರಡನೆಯದು ಸ್ವಲ್ಪ ಬೇಗ. ಹತ್ತಾದ ಮೇಲೆ ಕೈ ಸಲೀಸಾಯಿತು. ಅರವತ್ತರಲ್ಲಿ ನಲವತ್ತೆಂಟು ಬಲಕ್ಕೆ ಹೋಯಿತು, ಹನ್ನೆರಡು ಉಳಿಯಿತು. ಆ ಹನ್ನೆರಡು ನನ್ನ ಕೋಣೆಗೆ ಬಂತು.

ನಾನು ಒಡೆಯುತ್ತಿದ್ದಾಗ ಬಾಗಿಲಲ್ಲಿ ನೆರಳು ಬಿತ್ತು. ಅತ್ತೆ. ಇಷ್ಟು ವರ್ಷದಲ್ಲಿ ನನ್ನ ಕೋಣೆಗೆ ಕಾಲಿಟ್ಟವರಲ್ಲ. ಕೂರಿ ಎನ್ನಲಿಲ್ಲ, ಅವರೂ ಕೂರಲಿಲ್ಲ. ಒಂದೊಂದನ್ನೇ ಅದ್ದಿ ಒರೆಸಿ ಮೇಜಿನ ಮೇಲೆ ಸಾಲಾಗಿ ಇಟ್ಟೆ. ಹತ್ತರಲ್ಲಿ ಕೆಂಪು ಗೆರೆ. ಎರಡು ಬಿಳಿ.

ಅವರು ಬಿಳಿ ಹೋಳೊಂದನ್ನು ಎತ್ತಿ ಬೆಳಕಿಗೆ ಹಿಡಿದರು. ಹೆಬ್ಬೆರಳಿನಿಂದ ಸವರಿದರು.

“ಇದಕ್ಕೂ ಟಕ್ಕಂತು,” ಎಂದರು. “ಎರಡು ಸಲಾನೂ.”

“ಅಂದಿರತ್ತೆ. ಒಳಗೆ ಏನೂ ಇಲ್ಲದಿದ್ರೂ ಕೆಲವಕ್ಕೆ ಹಾಗೆ ಕೇಳತ್ತೆ. ಅದರ ಹಣೆಬರಹ.” ಸುತ್ತಿಗೆ ಕೆಳಗಿಟ್ಟೆ. “ನಾನೂ ಹೊಸ್ತಿಲಲ್ಲಿ ನಿಂತು ಒಂದೇ ಒಂದು ಮಾತಾಡಿದ್ದೆ. ಒಂದು ಸಲ ಬಡಿದು ಎಡಕ್ಕೆ ಹಾಕಿದ್ರಿ. ಎರಡನೇ ಸಲ ಬಡೀಲೇ ಇಲ್ಲ.”

ಅವರು ನನ್ನನ್ನು ನೋಡಲಿಲ್ಲ. “ಒಡೀದೆ ಹೇಗೆ ಗೊತ್ತಾಗತ್ತೆ, ಒಳಗೆ ಏನಿದೆ ಅಂತ?” ಎಂದರು, ಎಂದಿನ ಒರಟು ದನಿಯಲ್ಲೇ.

“ಅಂದಿನಿಂದ ಇಂದಿನವರೆಗೆ ಒಡೀತಾನೇ ಇದ್ದೀರಲ್ಲ ಅತ್ತೆ. ಕೆಂಪು ಕಂಡಿತಾ?”

ಹೊರಗೆ ಯಂತ್ರ ಮತ್ತೆ ಶುರುವಾಯಿತು. ಅವರು ಆ ಬಿಳಿ ಹೋಳನ್ನು ಬುಟ್ಟಿಗೆ ಎಸೆಯಲಿಲ್ಲ. ಬಗ್ಗಿ, ಬಿಳಿ ಬುಟ್ಟಿಯೊಳಗೆ ಸದ್ದಾಗದ ಹಾಗೆ ಇಟ್ಟರು.

“ಇಲ್ಲ,” ಎಂದರು.

ಆಮೇಲೆ ಸೆರಗಿಗೆ ಕೈ ಒರೆಸಿಕೊಂಡು ತಮ್ಮ ಸ್ಟೂಲಿನ ಕಡೆ ನಡೆದರು. ನಾನು ಕೆಂಪು ಗೆರೆಯ ಹೋಳುಗಳನ್ನು ಕೆಂಪು ಬುಟ್ಟಿಗೆ ಹಾಕಿದೆ.